ಹದಿನಾರು ಜನರಲ್ಲಿ ಒಬ್ಬ

ಹತ್ತೊಂಬತ್ತನೆಯ ಶತಮಾನದ ರೈತನೊಬ್ಬನನ್ನು ಹುಡುಕಿಕೊಂಡು ಹೊರಟರೆ ಮೊದಲು ಕೈಗೆ ಸಿಗುವುದು ಆತ ಕಟ್ಟಬೇಕಾಗಿದ್ದ ಕಂದಾಯ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ, ಚಿತ್ರದುರ್ಗದ ಸೀಮೆಯಿಂದ. ಬೊಂಬಾಯಿ ಪ್ರಾಂತ್ಯದ ಪದ್ಧತಿಯಂತೆ ಸರಪಳಿ ಎಳೆದು ಹೊಲಗಳನ್ನು ಅಳೆದರು. ಉದ್ದ 33 ಅಡಿ, ಅಗಲ 33 ಅಡಿ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಎಲ್ಲೆಗೆ ಬಾಂದು ಕಲ್ಲು ನೆಟ್ಟರು, ಮಣ್ಣಿನ ತರಗತಿ ಬರೆದುಕೊಂಡರು, 30 ವರ್ಷಕ್ಕೆ ಕಂದಾಯ ಗೊತ್ತುಮಾಡಿದರು. ನಮ್ಮ ಮುತ್ತಜ್ಜನ ಅಪ್ಪ ಕಾಗದದ ಮೇಲೆ ಹುಟ್ಟಿದ್ದು ಆಗ. ಹೊಲ ಎಷ್ಟು, ಅದರಲ್ಲಿ ಖರಾಬು ಎಷ್ಟು ಎಂಬುದು ಇವತ್ತಿಗೂ ತಿಳಿಯುತ್ತದೆ. ಆತನ ದನಿ ಹೇಗಿತ್ತು ಎಂದು ಕೇಳಿದರೆ ಹೇಳುವವರಿಲ್ಲ.

ಆತನ ಹೆಂಡತಿಗೆ ಅಷ್ಟೂ ಇಲ್ಲ. ಗಂಡ ಇರುವ ತನಕ ಖಾತೆಯಲ್ಲಿ ಹೆಂಗಸಿನ ಹೆಸರು ಬರುತ್ತಿದ್ದುದು ಅಪರೂಪ. ಗಂಡ ಸತ್ತು ಮಕ್ಕಳು ಚಿಕ್ಕವರಾಗಿದ್ದರೆ ಮಾತ್ರ ‘ಇಂಥವಳು ಕೋಂ ಇಂಥವನು’ ಎಂದು ಬರೆಯುತ್ತಿದ್ದರು. ಗಂಡನಿಗಿಂತ ಮೊದಲೇ ಹೋದವಳನ್ನು ಊರು ಮುತ್ತೈದೆ ಸಾವು, ಪುಣ್ಯವಂತೆ ಎಂದು ಕೊಂಡಾಡಿರುತ್ತದೆ. ದಫ್ತರದ ಮಟ್ಟಿಗೆ ಆಕೆ ಹುಟ್ಟಿಯೇ ಇಲ್ಲ.

ದಫ್ತರ ಕೈಬಿಟ್ಟಲ್ಲಿ ಹೆಳವರು ಇದ್ದಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದು, ಜಗುಲಿಯ ಮೇಲೆ ಕೂತು, ತಮ್ಮ ಒಕ್ಕಲಿನ ಮನೆಯವರಿಗೆ ವಂಶಾವಳಿ ಹೇಳಿ, ಕಾಳು ಬಟ್ಟೆ ಪಡೆದು ಹೋಗುವವರು. ಯಾವ ಊರಿನಿಂದ ಎದ್ದು ಬಂದಿರಿ, ಯಾರಿಗೆ ಎಷ್ಟು ಗಂಡುಮಕ್ಕಳು, ಯಾವ ಅಣ್ಣತಮ್ಮಂದಿರು ಎಲ್ಲಿ ಪಾಲಾದರು ಎಂದು ಅವರು ರಾಗವಾಗಿ ಹೇಳುವಾಗ ಮೈ ಜುಮ್ಮೆನ್ನುತ್ತದೆ. ಸತ್ತವರನ್ನು ಹೆಸರು ಹಿಡಿದು ಕರೆಯುವ ಇಂಥ ವಿದ್ಯೆ ನಮ್ಮ ನಾಡಿನಲ್ಲಿ ಉಳಿದುಬಂದದ್ದು ದೊಡ್ಡ ಸಂಗತಿ. ಆದರೂ ಆ ದಾರಿ ಅಪ್ಪನಿಂದ ಅಪ್ಪನಿಗೇ ಹೋಗುತ್ತದೆ. ಲೆಕ್ಕ ಹಾಕಿ ನೋಡಿ: ಅಪ್ಪ ಅಮ್ಮ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ಹಿಂದೆ ಎಂಟು ಜನ, ಮುತ್ತಜ್ಜನ ಅಪ್ಪನ ತಲೆಮಾರಿಗೆ ಹದಿನಾರು. ಆ ಹದಿನಾರು ಜನರಲ್ಲಿ ಒಬ್ಬನನ್ನು ಹಿಡಿದು ‘ನಮ್ಮ ಮೂಲಪುರುಷ’ ಎನ್ನುತ್ತೇವೆ. ಉಳಿದ ಹದಿನೈದು ಜನರ ರಕ್ತವೂ ಮೈಯಲ್ಲಿ ಅಷ್ಟೇ ಹರಿಯುತ್ತಿದೆ. ಅದರಲ್ಲಿ ಎಂಟು ಮಂದಿ ಹೆಂಗಸರು.

ಮುತ್ತಜ್ಜನ ಅಪ್ಪ ಅಮ್ಮ ಬಾಳಿದ ಕಾಲ ಸಾಮಾನ್ಯದ್ದಲ್ಲ. 1876ರಲ್ಲಿ ಮಳೆ ಹೋಯಿತು, ಮರುವರ್ಷವೂ ಕೈಕೊಟ್ಟಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಖಾನೇಷುಮಾರಿಯಲ್ಲಿ 50,55,412. ಹತ್ತು ವರ್ಷದಲ್ಲಿ ಹೆಚ್ಚಬೇಕಿದ್ದ ಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಆ ಇಳಿತದೊಳಗೆ ನಮ್ಮ ಬಹಳ ಮನೆಗಳ ಕೂಸುಗಳಿವೆ, ಮುದುಕರಿದ್ದಾರೆ.

ರಾಗಿ ಬೆಳೆಯುವ ಸೀಮೆಯಲ್ಲಿ ಬರಕ್ಕೆಂದು ಇದ್ದದ್ದು ಹಗೇವು, ನೆಲದಲ್ಲಿ ತೋಡಿದ ಕಾಳಿನ ಗುಂಡಿ. ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿ, ಒಳಗೆ ಅಗಲವಾದ ಹೊಟ್ಟೆ. ಸುತ್ತ ಹುಲ್ಲು ಒತ್ತಿ, ರಾಗಿ ಸುರಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹುಳ ಬೀಳದ ಕಾಳು, ವರ್ಷಗಟ್ಟಲೆ ಇರುತ್ತಿತ್ತು. ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಒಳಗಿನ ಕೆಟ್ಟ ಗಾಳಿಗೆ ಪ್ರಾಣ ಹೋಗುತ್ತಿತ್ತು. ಸಾಕಷ್ಟು ಹೊತ್ತು ಬಾಯಿ ತೆರೆದಿಟ್ಟು, ಆಮೇಲೆ ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮನುಷ್ಯ ಇಳಿಯುವುದು. ಹಗೇವು ತೋಡಿದವನು ಗಂಡ ಎಂದೇ ಇಟ್ಟುಕೊಳ್ಳೋಣ. ಮೇಲೆ ಬಂದ ರಾಗಿಯನ್ನು ಎಷ್ಟು ಬೀಸಬೇಕು, ಇವತ್ತು ಮುದ್ದೆಯೋ ಅಂಬಲಿಯೋ, ಯಾವ ಮಗುವಿಗೆ ಮೊದಲು, ಮಕ್ಕಳು ಅತ್ತರೂ ಬಿತ್ತನೆಯ ಕಾಳು ಮುಟ್ಟದೆ ಇರುವುದು ಹೇಗೆ, ಇದೆಲ್ಲ ಸೇರು ಹಿಡಿದವಳ ತೀರ್ಮಾನ. ದಿನವೂ ಮಾಡಬೇಕಾದ ತೀರ್ಮಾನ. ಆಕೆ ಅಳೆದ ಆ ಅಳತೆಯ ಮೇಲೆ ನಾವು ನಿಂತಿದ್ದೇವೆ ಎಂದು ನಾನು ನಂಬಿದ್ದೇನೆ. ಸರಪಳಿಯ ಅಳತೆ ದಫ್ತರಕ್ಕೆ ಹೋಯಿತು, ಸೇರಿನ ಅಳತೆ ಮಕ್ಕಳ ಹೊಟ್ಟೆಗೆ ಹೋಯಿತು.

ನಮ್ಮ ಕಂದಾಯ ದಾಖಲೆಗಳಲ್ಲಿ ಬೇಚರಾಕ್ ಗ್ರಾಮಗಳು ಇವತ್ತಿಗೂ ಇವೆ. ಊರಿಗೆ ಹೆಸರಿದೆ, ಎಲ್ಲೆಯಿದೆ, ಸರ್ವೆ ನಂಬರಿದೆ, ಮನೆ ಒಂದೂ ಇಲ್ಲ. ಬರಕ್ಕೋ ಬೇನೆಗೋ ಜನ ಬಿಟ್ಟುಹೋದ ಜಾಗ. ಸೇರು ಹಿಡಿದ ಆಕೆಯದು ಇದಕ್ಕೆ ತಿರುಗುಮುರುಗು: ಹೆಸರಿಲ್ಲ, ಮನೆ ತುಂಬ ಜನರಿದ್ದೇವೆ. ದಾಖಲೆಯಲ್ಲಿ ಉಳಿಯುವುದು, ಲೋಕದಲ್ಲಿ ಉಳಿಯುವುದು ಎರಡೂ ಒಂದೇ ಎಂದುಕೊಂಡೇ ನಾವು ಫೋಟೊ ಹಿಡಿಯುತ್ತೇವೆ, ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತೇವೆ. ನಮ್ಮ ಆ ಹಿರಿಯರಿಗೆ ಈ ಗೊಂದಲ ಇದ್ದಂತಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಹೋದ ವರ್ಷ ಉತ್ತ ಸಾಲು ಹಾಗೇ ಉಳಿದರೆ ಈ ವರ್ಷ ಬಿತ್ತುವುದೆಲ್ಲಿ? ಮನೆ ಬಿದ್ದರೆ ಗೋಡೆಯ ಮಣ್ಣನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು, ಒಳ್ಳೆಯ ಗೊಬ್ಬರವೆಂದು. ತಾವು ಹುಟ್ಟಿದ ಕೋಣೆಯ ಗೋಡೆ ರಾಗಿಯಾಗಿ ತಿರುಗಿ ಬಂದದ್ದನ್ನು ಅವರು ಉಂಡಿದ್ದಾರೆ. ಅಳಿಯುವುದನ್ನು ತಡೆಯುವುದಕ್ಕಿಂತ ಅಳಿದದ್ದು ದಂಡವಾಗದಂತೆ ನೋಡಿಕೊಳ್ಳುವುದು ಅವರ ಕಸುಬಾಗಿತ್ತು. ಬೇಸಾಯ ಬಿಟ್ಟ ನಮ್ಮ ತಲೆಮಾರಿಗೆ ಅಳಿವು ಎಂದರೆ ಬರೀ ನಷ್ಟವಾಗಿ ಕಾಣುತ್ತಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಬೀಸುಕಲ್ಲಿನ ಮುಂದೆ ಕೂತು ಅಂಥ ಹೆಂಗಸರು ಹಾಡಿದ ತ್ರಿಪದಿಗಳಲ್ಲಿ ಅಂಕಿತ ಕೂಡ ಇಲ್ಲ. ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದ್ದು 1931ರಲ್ಲಿ. ಆ ಹೊತ್ತಿಗೆ ಹಾಡು ಕಟ್ಟಿದವರು ಎಷ್ಟು ಜನ ಮಣ್ಣಾಗಿದ್ದರೋ. ಹಾಡು ಬೇಕಾಗಿತ್ತು, ಅದಕ್ಕೇ ಬಾಯಿಂದ ಬಾಯಿಗೆ ಬಂತು.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಆಕೆಯ ಹೆಸರು ಬೇಕು ಎನ್ನಿಸುವುದು ನಿಲ್ಲುವುದಿಲ್ಲ. ಅದು ಸಿಗದು. ಆದರೆ ಅಮ್ಮನ ಹೆಸರು ಗೊತ್ತಿದೆ, ಅಮ್ಮನ ಅಮ್ಮನದು ಗೊತ್ತಿದೆ, ಅವರ ತವರೂರುಗಳು ಗೊತ್ತಿವೆ. ಹೆಳವರು ಮತ್ತೆ ಬಂದಾಗ ಅವನ್ನೂ ನಿಮ್ಮ ವಂಶಾವಳಿಯ ಪುಸ್ತಕದಲ್ಲಿ ಬರೆದುಕೊಳ್ಳಿ ಎಂದು ಕೇಳಿಕೊಳ್ಳುವವನಿದ್ದೇನೆ. ಆ ಪುಸ್ತಕವನ್ನೂ ಒಂದು ದಿನ ಗೆದ್ದಲು ತಿನ್ನುತ್ತದೆ. ತಿನ್ನುವ ತನಕವಾದರೂ ನಮ್ಮ ಮಕ್ಕಳಿಗೆ ತಾವು ಯಾವ ಯಾವ ಊರಿನ ಹೆಣ್ಣುಮಕ್ಕಳ ಸಂತಾನ ಎಂಬುದು ತಿಳಿದಿರಲಿ.