ಜೋಡೆತ್ತಿನ ಹೆಗಲು

ಬೈಲಹೊಂಗಲ ತಾಲೂಕಿನ ಎರೆಹೊಲಗಳ ನಡುವಿನ ನಮ್ಮೂರಿನಲ್ಲಿ ಒಂದು ಕಬಡ್ಡಿ ತಂಡವಿತ್ತು. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಯಾವ ಜಾತ್ರೆಯಲ್ಲಿ ಪಂದ್ಯಾವಳಿ ಇಟ್ಟರೂ ಟಂಟಂ ಹತ್ತಿ ಹೋಗುತ್ತಿದ್ದೆವು. ಸೆಮಿಫೈನಲ್‌ವರೆಗೆ ಬಂದು ಸೋಲುವುದು, ಮಿರ್ಚಿ ಭಜಿ ತಿಂದು ಮರಳುವುದು ನಮ್ಮ ರೂಢಿ. ಹಿಡಿಯುವವರು ಗಟ್ಟಿಯಾಗಿದ್ದರು, ದಾಳಿಗೆ ಹೋಗುವ ಒಳ್ಳೆಯ ರೈಡರ್ ಮಾತ್ರ ಇರಲಿಲ್ಲ. ಆಗ ನಾನು ನಾಯಕ.

ಆ ವರ್ಷ ರಾಮದುರ್ಗದ ಕಡೆಯ ಹುಡುಗನೊಬ್ಬ ಅಕ್ಕನ ಮನೆಯಲ್ಲಿರಲು ನಮ್ಮೂರಿಗೆ ಬಂದ. ಮೊದಲ ಸಂಜೆಯೇ ಮೂವತ್ತು ಸೆಕೆಂಡಿನ ಒಂದು ದಾಳಿಯಲ್ಲಿ ಮೂವರನ್ನು ಮುಟ್ಟಿ, ನಾಲ್ಕನೆಯವನ ತೋಳಿನಿಂದ ಮೀನಿನಂತೆ ಜಾರಿ ಗೆರೆ ಮುಟ್ಟಿದ. ಅದೇ ಸಂಜೆ, ತನ್ನ ತಂಡದವನೊಬ್ಬ ಹಿಡಿತ ತಪ್ಪಿಸಿದನೆಂದು ಅವನ ಮನೆಮಂದಿಯನ್ನೆಲ್ಲ ಎಳೆದು ಬೈದ. ನಾವು ಮೊದಲನೆಯದನ್ನು ಊರೆಲ್ಲ ಹೇಳಿಕೊಂಡು ತಿರುಗಿದೆವು. ಎರಡನೆಯದನ್ನು ಬಾಯಿಬಿಟ್ಟು ಯಾರೂ ಆಡಲಿಲ್ಲ.

ಇಂಥ ಒಬ್ಬ ಬಂದರೆ ತಂಡ ಹೇಗೆ ಬದಲಾಗುತ್ತದೆ? ನಾವು ಹಾಕಿದ್ದು ಕೂಡುವ ಲೆಕ್ಕ: ಇದ್ದ ಬಲದ ಮೇಲೆ ಅವನ ಬಲ. ಆದರೆ ಏಳು ಜನರ ತಂಡಕ್ಕೆ ಒಬ್ಬ ಬಂದರೆ ಎಂಟಾಗುವುದಿಲ್ಲ. ಏಳೇ ಉಳಿಯುತ್ತದೆ, ಒಬ್ಬ ಹೊರಗೆ ಕೂರಬೇಕು. ಒಳಗಿದ್ದ ಆರು ಜನವೂ ಮೊದಲಿನ ಆರು ಜನವಾಗಿ ಉಳಿಯುವುದಿಲ್ಲ.

ಕಬಡ್ಡಿಯಲ್ಲಿ ಹಿಡಿತವೆನ್ನುವುದು ಒಬ್ಬನ ಕೆಲಸವಲ್ಲ. ಮೂಲೆಯಲ್ಲಿ ನಿಂತ ಕಾರ್ನರ್ ಎದುರಾಳಿಯ ಕಾಲಿಗೆ ಬೀಳುವುದು, ತಾನು ಬಿದ್ದ ಮರುಕ್ಷಣ ಪಕ್ಕದವನು ಬಂದು ಅಡ್ಡಗಟ್ಟುತ್ತಾನೆಂಬ ನಂಬಿಕೆಯಿಂದ. ತಪ್ಪಿದರೆ ಬೈಗುಳ ತಿನ್ನಬೇಕೆಂಬ ಅಂಜಿಕೆ ಹೊಕ್ಕರೆ ಅರ್ಧ ಕ್ಷಣ ತಡವಾಗುತ್ತದೆ. ಆ ಅರ್ಧ ಕ್ಷಣದಲ್ಲಿ ಕಾಲು ಹೋಗಿಬಿಟ್ಟಿರುತ್ತದೆ. ನಮ್ಮಲ್ಲಿ ಆದದ್ದು ಅದೇ. ಅವನ ಅಂಕ ಏರಿತು, ನಮ್ಮ ಹಿಡಿತ ಇಳಿಯಿತು.

ಹಾಗೆಂದು ಅವನ ಋಣವನ್ನು ಅಲ್ಲಗಳೆಯಲಾರೆ. ದಾಳಿಗೆ ಹೋದವನು ಎದುರಾಳಿಗಳಲ್ಲಿ ಎಷ್ಟು ಜನರನ್ನು ಮುಟ್ಟಿ ಬರುತ್ತಾನೋ, ಔಟಾಗಿ ಹೊರಗೆ ಕೂತ ಅವನ ಕಡೆಯವರಲ್ಲಿ ಅಷ್ಟು ಜನ, ಔಟಾದ ಸರದಿಯಲ್ಲೇ, ಒಳಗೆ ಬರುತ್ತಾರೆ. ಎಷ್ಟು ಸಲ ಅವನೊಬ್ಬನೇ ಉಳಿದು ನಮ್ಮನ್ನೆಲ್ಲ ಮತ್ತೆ ಅಂಕಣಕ್ಕೆ ಕರೆತಂದ! ಹಾಗೆ ಕರೆತಂದವನ ನಾಲಿಗೆಯನ್ನು ತೂಗಿ ನೋಡುವ ಧೈರ್ಯ ಯಾರಿಗೆ ಬರುತ್ತದೆ?

ಸವದತ್ತಿ ಕಡೆಯ ಒಂದು ಜಾತ್ರೆ, ಸೆಮಿಫೈನಲ್. ನಮ್ಮ ಎಡಗಡೆಯ ಕಾರ್ನರ್ ನಮಗೆಲ್ಲ ಹಿರಿಯ, ಮಾತು ಕಡಿಮೆ. ಅವನ ಕೈಯಿಂದ ಒಂದು ಕಾಲು ಜಾರಿತು. ಹುಡುಗ ನಾಲ್ಕು ಹೆಜ್ಜೆ ನಡೆದು ಬಂದು ಅವನ ತಲೆಯ ಹಿಂಭಾಗಕ್ಕೆ ಹೊಡೆದ. ಅಂಕಣದ ಹಗ್ಗದಾಚೆ ಕಾರ್ನರನ ಮಗ ಐಸ್‌ಕ್ಯಾಂಡಿ ಹಿಡಿದು ನಿಂತಿದ್ದ. ನಾನು ನಡುವೆ ಹೋಗಿ ಹಿರಿಯನ ಹೆಗಲ ಮೇಲೆ ಕೈಯಿಟ್ಟು ಹೇಳಿದೆ: ‘ಬಿಡೋ ಅಣ್ಣಾ, ಸಣ್ಣ ಹುಡುಗ ಅದಾನ. ಮ್ಯಾಚ್ ಐತಿ.’ ಅವನು ತಲೆಯಾಡಿಸಿದ. ಉಳಿದ ಆಟವನ್ನೂ, ಫೈನಲ್ಲನ್ನೂ ಎಂದಿನಂತೆ ಆಡಿದ. ಕಪ್ ನಮ್ಮದಾಯಿತು. ಮರುದಿನದಿಂದ ಅವನು ಅಂಕಣದ ಕಡೆ ಬರಲಿಲ್ಲ.

ತೆರಬಂಡಿಗೆ ಎತ್ತು ಸಾಕುತ್ತಿದ್ದ ನಮ್ಮ ಓಣಿಯ ಅಜ್ಜ ಕಪ್ ನೋಡಲು ಬಂದವರು ಹೇಳಿದರು: ‘ಹುರುಪಿನ ಹೋರಿ ತಂದು ಹೂಡೀರಿ, ಚಲೋ ಆತು. ಜೋಡೆತ್ತಿನ ಹೆಗಲ ಏನಾಗೇತಿ ಅಂತ ಒಮ್ಮೆ ನೋಡ್ರಿ.’

ಆ ಮಾತು ನನ್ನನ್ನು ಬಿಟ್ಟಿಲ್ಲ. ಆ ದಿನ ಕ್ಷಮಿಸಿದವನು ನಾನು. ಆದರೆ ಹೊಡೆತ ತಿಂದವನು ನಾನಲ್ಲ. ಹುಡುಗನಿಂದ ಕಪ್ ಪಡೆದವನು ನಾನು, ಚಪ್ಪಾಳೆ ಹೊಡೆದವರು ಊರವರು. ಲಾಭದ ಪಾಲು ಪಡೆದವರೆಲ್ಲ ಸೇರಿ, ನಷ್ಟ ಹೊತ್ತವನ ಪರವಾಗಿ ಕ್ಷಮೆ ಕೊಟ್ಟುಬಿಟ್ಟೆವು. ಅದಕ್ಕೆ ದೊಡ್ಡ ಮನಸ್ಸು ಎಂದೂ ಹೆಸರಿಟ್ಟೆವು.

ಹಾಗಾದರೆ ಸಿಡುಕಿನ ಪ್ರತಿಭೆಗೆ ತಂಡದಲ್ಲಿ ಜಾಗವೇ ಇಲ್ಲವೇ? ಬಾಸ್ಕೆಟ್‌ಬಾಲ್‌ನ ಒಂದು ಪ್ರಸಂಗ ಬೇರೆಯೇ ದಾರಿ ತೋರಿಸುತ್ತದೆ. ಅಮೆರಿಕದ ಡೆನಿಸ್ ರಾಡ್‌ಮನ್ 1991ರಲ್ಲಿ ಡೆಟ್ರಾಯಿಟ್ ತಂಡದಲ್ಲಿದ್ದಾಗ, ಷಿಕಾಗೋ ಬುಲ್ಸ್‌ನ ಸ್ಕಾಟಿ ಪಿಪ್ಪೆನ್‌ರನ್ನು ಅಂಕಣದಾಚೆಗೆ ತಳ್ಳಿದ್ದ. ಪಿಪ್ಪೆನ್‌ರ ಗಲ್ಲಕ್ಕೆ ಹೊಲಿಗೆ ಬಿದ್ದವು. 1995ರಲ್ಲಿ ಅದೇ ರಾಡ್‌ಮನ್‌ನನ್ನು ಬುಲ್ಸ್‌ಗೆ ತರುವ ಮಾತು ಬಂದಾಗ, ತಂಡ ಮೊದಲು ಮೈಕಲ್ ಜೋರ್ಡಾನ್ ಮತ್ತು ಪಿಪ್ಪೆನ್‌ರ ಒಪ್ಪಿಗೆ ಕೇಳಿತು. ಅವರು ಒಪ್ಪಿದ ಮೇಲೆಯೇ ಅವನು ಬಂದದ್ದು. ಆ ಋತುವಿನಲ್ಲಿ ಬುಲ್ಸ್ 72 ಪಂದ್ಯ ಗೆದ್ದು 10 ಸೋತಿತು, ಮುಂದೆ 1996, 1997, 1998ರಲ್ಲಿ ಸಾಲಾಗಿ ಚಾಂಪಿಯನ್ ಆಯಿತು. ರಾಡ್‌ಮನ್ ಸಾಧುವೇನೂ ಆಗಲಿಲ್ಲ. 1996ರ ಮಾರ್ಚ್‌ನಲ್ಲಿ ರೆಫ್ರಿಗೆ ತಲೆಯಿಂದ ಗುದ್ದಿದ. ಆರು ಪಂದ್ಯ ಹೊರಗೆ ಕೂತ. ತಪ್ಪು ಅವನದೇ, ದಂಡವೂ ಅವನದೇ. ನನಗೆ ಮುಖ್ಯವಾಗಿ ಕಾಣುವುದು ಗೆಲುವಿನ ಲೆಕ್ಕವಲ್ಲ, ಪೆಟ್ಟು ತಿಂದವನನ್ನು ಮೊದಲು ಕೇಳಿದರಲ್ಲ, ಅದು.

ನಮ್ಮ ಭಾರತದ ಕತೆಯೂ ಇದನ್ನೇ ಮತ್ತೊಂದು ಕಡೆಯಿಂದ ಹೇಳುತ್ತದೆ. ಕರ್ಣನನ್ನು ಅರ್ಧರಥನೆಂದು ಭೀಷ್ಮ ಹಳಿದ. ಭೀಷ್ಮನಿರುವವರೆಗೆ ಆಯುಧ ಮುಟ್ಟುವುದಿಲ್ಲವೆಂದು ಕರ್ಣ ಸಿಟ್ಟಿನಿಂದ ಹಿಂದೆ ಸರಿದ. ಕೌರವರು ಹತ್ತು ದಿನ ಅವನಿಲ್ಲದೆ ಕಾದಬೇಕಾಯಿತು. ಆ ಸಿಟ್ಟಿನ ಬೆಲೆ ತೆತ್ತವರು ಭೀಷ್ಮನೂ ಅಲ್ಲ, ಕರ್ಣನೂ ಅಲ್ಲ, ಹೆಸರಿಲ್ಲದ ಕಾಲಾಳುಗಳು. ಆದರೂ ಆ ಸಭೆಯಲ್ಲಿ ಮೊದಲ ಗಾಯ ಕರ್ಣನದೇ ಎಂಬುದನ್ನು ಮರೆಯಲಾಗದು. ಸಿಡುಕುವವನ ಒಳಗೂ ಯಾವುದೋ ಹಳೆಯ ಅವಮಾನ ಇದ್ದಿರಬಹುದು.

ನಮ್ಮ ಹುಡುಗನ ಬಗ್ಗೆ ನಾನು ಇಷ್ಟು ಯೋಚಿಸಿರಲಿಲ್ಲ. ಎರಡು ವರ್ಷ ಆಡಿ ಅವನು ಊರು ಬಿಟ್ಟ. ಬಹಳ ದಿನಗಳ ನಂತರ ರಾಮದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಚಹಾ ಕುಡಿಯುತ್ತ ಅವನೇ ಆ ದಿನದ ಮಾತು ತೆಗೆದ. ‘ಅವತ್ತ ನೀವ್ಯಾರೂ ನನಗ ಬೈಲಿಲ್ಲಲ್ಲ ಅಣ್ಣಾ. ಮನ್ಯಾಗಿನ ಹುಡುಗ ಆಗಿದ್ರ ಅಲ್ಲೇ ಕಪಾಳಕ್ಕ ಕೊಡ್ತಿದ್ರಿ. ನಿಮಗ ನನ್ನ ಪಾಯಿಂಟ್ ಬೇಕಾಗಿದ್ವು ಅಷ್ಟ.’

ನನ್ನ ಬಳಿ ಉತ್ತರವಿರಲಿಲ್ಲ. ಹಿರಿಯನಿಗೆ ಮಾಡಿದ ಅನ್ಯಾಯ ನನಗೆ ಗೊತ್ತಿತ್ತು. ಈ ಹುಡುಗನಿಗೂ ಒಂದು ಅನ್ಯಾಯವಾಗಿತ್ತೆಂದು ಗೊತ್ತಾದದ್ದು ಆಗಲೇ. ತಿದ್ದುವಷ್ಟು ಅವನನ್ನು ನಮ್ಮವನೆಂದುಕೊಂಡಿರಲಿಲ್ಲ ನಾವು. ಹೊರಗಿನವನ ತಪ್ಪಿಗೆ ಕಣ್ಣು ಮುಚ್ಚುವುದು ಸುಲಭ, ಅವನಿಂದ ನಮಗೆ ಬೇಕಾದದ್ದು ಒಂದೇ ಆಗಿರುವಾಗ.

ಈಗ ಸಂಜೆ ಊರಿನ ಹುಡುಗರಿಗೆ ಆಟ ಹೇಳಿಕೊಡುತ್ತೇನೆ. ಈ ಸಲ ಮತ್ತೊಬ್ಬ ಬಂದಿದ್ದಾನೆ, ಬೆಂಕಿಯಂಥವನು. ಮೊನ್ನೆ ಪಕ್ಕದಲ್ಲಿ ಆಡುವವನ ಮೇಲೆ ರೇಗಿದ. ಆಟ ನಿಲ್ಲಿಸಿದೆ. ಬೈಸಿಕೊಂಡವನನ್ನು ಕರೆದು, ‘ಏನು ಮಾಡೋಣ, ನೀನೇ ಹೇಳು’ ಎಂದೆ. ಅವನು ಬಹಳ ಹೊತ್ತು ನೆಲ ನೋಡಿ, ‘ಇವತ್ತ ಹೊರಗ ಕುಂದರಲಿ, ನಾಳೆ ಬರಲಿ’ ಎಂದ. ಹೊಸಬ ಅಂಕಣದಾಚೆ ಹೋಗಿ ಮುಖ ಊದಿಸಿಕೊಂಡು ಕೂತ. ಆ ಸಂಜೆ ನಮ್ಮ ತಂಡ ಆರು ಜನರಲ್ಲೇ ಆಡಿ ಸೋತಿತು.

ಮರುದಿನ ಅವನು ಎಲ್ಲರಿಗಿಂತ ಮೊದಲೇ ಬಂದು ಗೆರೆ ಎಳೆಯುತ್ತಿದ್ದ.