ಹದಿನಾಲ್ಕು ತಟ್ಟೆ

ಜುಲೈ 1 ನಮ್ಮ ವೃತ್ತಿಯವರ ಹಬ್ಬ. 1949ರ ಆ ದಿನ ಭಾರತದ ಚಾರ್ಟರ್ಡ್ ಅಕೌಂಟೆಂಟುಗಳ ಸಂಸ್ಥೆ ಹುಟ್ಟಿತು. ಊರಿನಲ್ಲಾದರೆ ಧ್ವಜಾರೋಹಣ, ರಕ್ತದಾನ, ಒಂದಿಷ್ಟು ಭಾಷಣ. ಸೌದಿಯಲ್ಲಿರುವ ನಾವು ಊಟ ಹಾಕುತ್ತೇವೆ. 2022ರಲ್ಲಿ ಆ ದಿನ ಶುಕ್ರವಾರವೇ ಬಂತು. ದಮ್ಮಾಮಿನ ಒಂದು ಹೋಟೆಲಿನಲ್ಲಿ ಜುಮ್ಮಾ ನಮಾಜಿನ ನಂತರದ ಊಟ. ನಗರಾಡಳಿತದ ಅಧಿಕಾರಿಗಳು, ವ್ಯಾಪಾರಿ ಮುಖಂಡರು, ಬ್ಯಾಂಕಿನ ದೊಡ್ಡವರು ಅತಿಥಿಗಳು. ಉಸ್ತುವಾರಿ ನನ್ನದು.

ವೃತ್ತಿಸಂಘಗಳು ನಗರದ ಹಿರಿಯರನ್ನು ಕರೆದು ಉಣಿಸುವುದು ಹೊಸದಲ್ಲ. ಲಂಡನ್ನಿನಲ್ಲಿ ಅಕ್ಕಸಾಲಿಗರು, ಮೀನು ವ್ಯಾಪಾರಿಗಳು ಶತಮಾನಗಳಿಂದ ಇದನ್ನು ಮಾಡಿಕೊಂಡು ಬಂದಿದ್ದಾರೆ. ಅಲ್ಲಿನ ಲೆಕ್ಕಪರಿಶೋಧಕರು 1977ರಲ್ಲಿ ಆ ಸಾಲಿಗೆ ಸೇರಿದರು. ಇಂಥ ಊಟದಲ್ಲಿ ಯಾರೂ ಹಸಿವಿಗೆ ಉಣ್ಣುವುದಿಲ್ಲ. ಯಾರು ಯಾರ ಪಕ್ಕ ಕೂತರು ಎಂಬುದೇ ಮುಖ್ಯ ವ್ಯಂಜನ. ನಾನೂ ಮೂರು ರಾತ್ರಿ ಕೂತು ಕುರ್ಚಿಗಳ ನಕ್ಷೆ ಬರೆದೆ. ಬ್ಯಾಲೆನ್ಸ್ ಶೀಟ್ ಹೊಂದಿಸುವುದು ಅದಕ್ಕಿಂತ ಸುಲಭ.

ಗಹ್ವಾ ಬಡಿಸುವವನ ಕೈಚಳಕ ನೋಡುತ್ತ ನಿಂತಿದ್ದೆ. ಎಡಗೈಯಲ್ಲಿ ದಲ್ಲಾ, ಬಲಗೈಯಲ್ಲಿ ಪುಟ್ಟ ಫಿಂಜಾನ್. ತಳ ಮುಚ್ಚುವಷ್ಟೇ ಸುರಿಯುತ್ತಾನೆ. ಲೋಟ ತುಂಬಿಸಿದರೆ 'ಕುಡಿದು ಹೊರಡು' ಎಂದಂತೆ. ಸಾಕೆನ್ನುವವರು ಫಿಂಜಾನನ್ನು ಅತ್ತಿತ್ತ ಅಲುಗಿಸಿ ಕೊಡಬೇಕು. 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಉಪಚಾರ ಇದು. ನಮ್ಮೂರಲ್ಲಿ ಲೋಟ ತುಂಬಿಸದಿದ್ದರೆ ಜಿಪುಣ ಅನ್ನುತ್ತಾರೆ!

ಹೋಟೆಲಿನವರು ನೂರು ತಟ್ಟೆಗೆ ಗ್ಯಾರಂಟಿ ಬರೆಸಿಕೊಂಡಿದ್ದರು. ತಟ್ಟೆಗೆ 140 ರಿಯಾಲ್, ಮೇಲೆ 15% ವ್ಯಾಟ್. ಬಂದವರು 86. ಖಾಲಿ ಉಳಿದ ಹದಿನಾಲ್ಕು ಕುರ್ಚಿಗಳನ್ನು ನಾನು ಕಂಡದ್ದು ಕಬ್ಸಾದ ಹರಿವಾಣಗಳು ಒಳಬರುವಾಗ. ಅದೇ ಹೊತ್ತಿಗೆ ಗಾಜಿನಾಚೆ ಪಾರ್ಕಿಂಗಿನಲ್ಲಿ ಡ್ರೈವರುಗಳೂ ಕಂಡರು. ಒಂಬತ್ತೋ ಹತ್ತೋ ಜನ. ಎಂಜಿನ್ ಓಡಿಸಿ ಎಸಿ ಹಾಕಿಕೊಂಡು ಕೂತಿದ್ದರು. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಕಾರಿನೊಳಗೆ ಕಾಯುವುದು ಕೆಲಸವೋ ಅಲ್ಲವೋ, ನನಗೆ ತಿಳಿಯದು.

ಹಿರಿಯ ಸದಸ್ಯರೊಬ್ಬರ ಕಿವಿಯಲ್ಲಿ, "ಸರ್, ಅವರನ್ನೂ ಕರೆಯೋಣವಾ? ದುಡ್ಡು ಹೇಗೂ ಕೊಟ್ಟಾಗಿದೆ" ಎಂದೆ.

"ಒಳಗೆ ಕೂರಿಸಿದರೆ ಅವರ ಸಾಹೇಬರುಗಳಿಗೇ ಮುಜುಗರ ಮಾರಾಯ್ರೆ. ಡ್ರೈವರುಗಳೂ ನೆಮ್ಮದಿಯಾಗಿ ಉಣ್ಣಲಿಕ್ಕಿಲ್ಲ."

ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೇ ನಾನು ಸುಮ್ಮನಾದದ್ದು. ಪೂರ್ತಿ ಸುಳ್ಳಾಗಿದ್ದರೆ ಎದುರಾಡುತ್ತಿದ್ದೆನೇನೋ. ಪೊಟ್ಟಣ ಕಟ್ಟಿಕೊಡಿ ಎಂದರೆ ಹೋಟೆಲಿನವರು ಬಫೆಯ ಆಹಾರ ಹೊರಗೆ ಕಳಿಸುವುದಿಲ್ಲವೆಂದರು. ಅಲ್ಲಿಗೆ ನನ್ನ ಪ್ರಯತ್ನ ಮುಗಿಯಿತು. ಮುಗಿಯಲಿ ಎಂದೇ ಕಾಯುತ್ತಿದ್ದೆನೋ ಏನೋ. ಭಾಷಣದ ಸರದಿ ಬಂದಿತ್ತು, ನಿರೂಪಣೆ ನನ್ನದೇ ಇತ್ತು.

ಆ ಭಾಷಣದಲ್ಲಿ ನಾನು 'ಅತಿಥಿ ದೇವೋ ಭವ' ಎಂದದ್ದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ನಮ್ಮಲ್ಲಿ ಹಳಬರು ಒಂದು ವ್ಯತ್ಯಾಸ ಹೇಳುತ್ತಿದ್ದರು. ಕರೆಸಿಕೊಂಡು ಬಂದವನು ಅಭ್ಯಾಗತ. ತಿಥಿ ಗೊತ್ತುಮಾಡದೆ ಬಂದವನು ಅತಿಥಿ. ಈ ಲೆಕ್ಕದಲ್ಲಿ ಮುದ್ರಿತ ಆಮಂತ್ರಣ ಹಿಡಿದು ಒಳಗೆ ಕೂತ ಒಬ್ಬರೂ ಅತಿಥಿಗಳಲ್ಲ. ಅತಿಥಿಗಳಿದ್ದರೆ ಅವರು ಗಾಜಿನಾಚೆ ಇದ್ದರು. ಪಂಕ್ತಿಭೇದವೆಂದರೆ ದೇವಸ್ಥಾನದ ಜಗಲಿಯ ಸಂಗತಿ ಎಂದುಕೊಂಡು ಅದನ್ನು ಬೈಯುತ್ತ ಬೆಳೆದವನು ನಾನು. ಇಲ್ಲಿ ಹಾಗೆ ಕರೆಯಲು ಬಾಯಿ ಬರಲಿಲ್ಲ. ಪ್ರೋಟೊಕಾಲ್ ಎಂದೆವು.

ಆದರೆ ಅಭ್ಯಾಗತರಿಗೆ ಊಟ ಹಾಕುವುದೇ ತಪ್ಪೆಂದು ನಾನು ಒಪ್ಪುವುದಿಲ್ಲ. ಪರದೇಶದಲ್ಲಿ ಮೂವತ್ತು ವರ್ಷ ದುಡಿದರೂ ನಮ್ಮನ್ನು ಇಖಾಮಾ ನಂಬರಾಗಿ ಕಾಣುವವರೇ ಹೆಚ್ಚು. ವರ್ಷಕ್ಕೊಮ್ಮೆ ನಾವು ಆತಿಥೇಯರಾಗಿ, ಅವರು ನಮ್ಮ ಅತಿಥಿಗಳಾಗಿ ಕೂರುವುದರಲ್ಲಿ ಒಂದು ಮರ್ಯಾದೆಯಿದೆ. ಅದನ್ನು ಬರೀ ಹೊಗಳುಭಟ್ಟತನ ಎನ್ನುವವರು ಊರಲ್ಲಿ ನೆಮ್ಮದಿಯಾಗಿರುವವರು. ಅಂದು ಒಬ್ಬ ವಯಸ್ಸಾದ ಸೌದಿ ವ್ಯಾಪಾರಿ ಕುರಿಮಾಂಸದ ಒಳ್ಳೆಯ ತುಂಡನ್ನು ತಾನೇ ಕಿತ್ತು ನನ್ನ ಮುಂದಿಟ್ಟರು. ಅಂಥ ಪ್ರೀತಿಯನ್ನು ಲೆಕ್ಕದ ಕಣ್ಣಿನಿಂದ ನೋಡಲಾಗದು. ಆ ತುಂಡು ತಿನ್ನುವಾಗ ಮಾತ್ರ ಗಾಜಿನ ಕಡೆಗೆ ಬೆನ್ನು ಹಾಕಿದ್ದೆ.

ಎಲ್ಲ ಮುಗಿದ ಮೇಲೆ ಪಾರ್ಕಿಂಗಿಗೆ ಹೋದೆ. ಒಬ್ಬ ಡ್ರೈವರು ಪುತ್ತೂರಿನ ಕಡೆಯವರು.

"ನಿಮ್ಮದು ಊಟ ಆಯ್ತಾ?"

"ಆಯ್ತು ಸರ್. ನಿಮ್ಮದು?"

ಊಟ ಆಗದಿದ್ದರೂ ಆಯ್ತು ಎನ್ನುವ ಊರಿನವರು ನಾವಿಬ್ಬರೂ. ಡ್ಯಾಶ್‌ಬೋರ್ಡಿನ ಮೇಲೆ ಬೂಫಿಯಾದ ಕಾಗದದಲ್ಲಿ ಸುತ್ತಿದ ಅರ್ಧ ಸ್ಯಾಂಡ್‌ವಿಚ್ ಇತ್ತು. ನಾನು ನೋಡಿದ್ದನ್ನು ಅವರು ನೋಡಿದರು. ಮಳೆ ಹೇಗಿದೆಯಂತೆ ಊರಲ್ಲಿ ಎಂದು ಮಾತು ತಿರುಗಿಸಿದರು.

ಶನಿವಾರ ಬಿಲ್ಲು ಬಂತು. ನೂರು ತಟ್ಟೆಗೆ 16,100 ರಿಯಾಲ್. ಅದರಲ್ಲಿ ಯಾರೂ ಉಣ್ಣದ ಹದಿನಾಲ್ಕರದು 2,254. ಇಲ್ಲಿ ಕಂಪನಿಗಳೂ ಇಂಥ ಊಟೋಪಚಾರದ ವ್ಯಾಟನ್ನು ವಾಪಸು ಕೇಳುವಂತಿಲ್ಲ. ಅದು ವ್ಯವಹಾರದ ಖರ್ಚಲ್ಲ, ನಿಮ್ಮ ಸಂತೋಷದ ಖರ್ಚು ಎಂಬಂತೆ ಕಾನೂನು ನೋಡುತ್ತದೆ. ನಾನು ಇಡೀ ಮೊತ್ತವನ್ನು 'ಅತಿಥಿ ಸತ್ಕಾರ' ಎಂಬ ಒಂದೇ ಸಾಲಿನಲ್ಲಿ ಬರೆದೆ. ಪರಿಶೋಧಕರು ಪ್ರಶ್ನೆ ಕೇಳದೆ ಸಹಿ ಹಾಕಿದರು.

ಮರುವರ್ಷದ ಬಜೆಟ್ಟಿನಲ್ಲಿ 'ಡ್ರೈವರುಗಳ ಊಟ, 12' ಎಂದು ಸೇರಿಸಿ ಕಳಿಸಿದೆ. ಸಭೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಬೇರೆ ಕೋಣೆಯಲ್ಲೋ, ಅದೇ ಹಾಲಿನಲ್ಲೋ ಎಂದು ಒಬ್ಬರು ಕೇಳಿದರು. ಅದೇ ಹಾಲಿನಲ್ಲಿ ಎನ್ನಲು ನಾನು ಒಂದು ಗಳಿಗೆ ತಡಮಾಡಿದೆ. ಅಷ್ಟರಲ್ಲಿ ಅಧ್ಯಕ್ಷರು ಮುಂದಿನ ವಿಷಯ ಎತ್ತಿಕೊಂಡರು.