ಇನ್ನೊಬ್ಬರ ಪಾಲಿನ ತ್ಯಾಗ

ತನಗೆ ಪ್ರಿಯವಾದುದನ್ನು ಗುರುವಿನ ಮಾತಿಗಾಗಿ ಬಿಟ್ಟುಕೊಡುವುದು ದೊಡ್ಡ ಗುಣವೆಂದು ನಮ್ಮ ನೀತಿಚಿಂತನೆ ಬಹುಕಾಲದಿಂದ ಒಪ್ಪಿಕೊಂಡು ಬಂದಿದೆ. ಆದರೆ ಹಾಗೆ ಬಿಟ್ಟುಕೊಡುವುದು ಹೊಲವೋ ಹಣವೋ ಆಗಿರದೆ, ತನ್ನದೇ ಇಚ್ಛೆಯುಳ್ಳ ಇನ್ನೊಂದು ಜೀವವಾಗಿದ್ದರೆ ಅದನ್ನು ತ್ಯಾಗವೆನ್ನಬಹುದೇ ಎಂಬ ಪ್ರಶ್ನೆಯನ್ನು ಅಷ್ಟೇ ಗಟ್ಟಿಯಾಗಿ ಕೇಳಿದವರು ಕಡಿಮೆ. ಚಿತ್ರದುರ್ಗದ ಸೀಮೆಯಲ್ಲಿ ಈ ಪ್ರಶ್ನೆಗೆ ಸಿಗುವ ಅತ್ಯಂತ ಪರಿಚಿತ ನಿದರ್ಶನ ಶಾಸ್ತ್ರಗ್ರಂಥದ್ದಲ್ಲ, ಹರೆಯದ ಹುಡುಗನೊಬ್ಬನ ಪ್ರೇಮಕಥೆಯದು. ತ.ರಾ.ಸು. (1920–1984) ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ಪುಟ್ಟಣ್ಣ ಕಣಗಾಲರು 1972ರ ಕೊನೆಯಲ್ಲಿ ತೆರೆಗೆ ತಂದ 'ನಾಗರಹಾವು' ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳ ಜನಕ್ಕೆ ತಮ್ಮ ಊರಿನ ಕಥೆಯೇ ಆಗಿಬಿಟ್ಟಿದೆ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ಕಾದಂಬರಿಕಾರರು ಬೇಸರಗೊಂಡ ಸಂಗತಿ ಪ್ರಸಿದ್ಧವಾಗಿದೆ. ಆ ಬೇಸರಕ್ಕೂ ಇಲ್ಲಿನ ವಿಚಾರಕ್ಕೂ ನೇರ ಸಂಬಂಧವಿಲ್ಲದಿದ್ದರೂ, ತೆರೆಯ ಮೇಲಿನ ಕಥೆ ತಾನೇ ಎತ್ತಿದ ಪ್ರಶ್ನೆಯನ್ನು ಅರ್ಧದಲ್ಲಿ ಕೈಬಿಡುತ್ತದೆ ಎಂಬ ನಿರಾಶೆ ವಿಚಾರವಂತ ಪ್ರೇಕ್ಷಕನಿಗೂ ಆಗದೆ ಇರದು.

ಕಥೆಯ ರಾಮಾಚಾರಿ ಯಾರ ಮಾತಿಗೂ ಬಗ್ಗುವವನಲ್ಲ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದು, ಅದಕ್ಕೆ ಶಿಕ್ಷೆ ಕೊಟ್ಟ ಪ್ರಿನ್ಸಿಪಾಲರನ್ನು ರಾತ್ರಿ ಹೊತ್ತಿನಲ್ಲಿ ಕಂಬಕ್ಕೆ ಕಟ್ಟಿಹಾಕುವಷ್ಟು ಹಟ ಅವನದು. ಹೆತ್ತವರಿಗೇ ಅವನೊಂದು ತಲೆನೋವು. ಇಂಥವನು ತಲೆಬಾಗುವುದು ಮಕ್ಕಳಿಲ್ಲದ ಚಾಮಯ್ಯ ಮೇಷ್ಟ್ರು ಮತ್ತು ತುಂಗಮ್ಮನವರ ಅಕ್ಕರೆಗೆ ಮಾತ್ರ. ಗೆಳೆಯ ವರದನ ತಂಗಿ ಅಲಮೇಲುವಿಗೂ ಅವನಿಗೂ ಪ್ರೇಮ ಬೆಳೆದಾಗ, ಆಸೆ ಹುಟ್ಟಿಸಿದ್ದ ವರದನೇ ಹಿಂದೆ ಸರಿಯುತ್ತಾನೆ, ಹುಡುಗಿಯ ಮನೆಯವರು ಮೇಷ್ಟ್ರ ಮೊರೆ ಹೋಗುತ್ತಾರೆ, ಮೇಷ್ಟ್ರು ಶಿಷ್ಯನನ್ನು ಒಪ್ಪಿಸುತ್ತಾರೆ. ಒಪ್ಪಿಸುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು: ಅಲ್ಲಿ ಬೆದರಿಕೆಯಿಲ್ಲ, ವಾದವೂ ಹೆಚ್ಚಿಲ್ಲ, ಇರುವುದು ಪ್ರೀತಿಯ ಒತ್ತಾಯ. ಹೊಡೆತಕ್ಕೆ ಬಗ್ಗದವನು ಪ್ರೀತಿಗೆ ಬಗ್ಗುತ್ತಾನೆಂಬುದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತು. ಅಲಮೇಲುವಿನ ಇಚ್ಛೆ ಮಾತ್ರ ಅಂದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಬೇರೊಬ್ಬನ ಕೈಹಿಡಿದ ಆಕೆ ಕೊನೆಗೆ ಮೈಮಾರಿಕೊಂಡು ಬದುಕುವ ಸ್ಥಿತಿಯಲ್ಲಿ ರಾಮಾಚಾರಿಗೆ ಎದುರಾದಾಗ, ಅವನು ತೋರಿದ ವಿಧೇಯತೆಯ ಬೆಲೆಯನ್ನು ತೆತ್ತವರು ಯಾರೆಂಬುದು ಕಣ್ಣಿಗೆ ರಾಚುತ್ತದೆ.

ಗುರುವಾಕ್ಯಕ್ಕೆ ಎಲ್ಲೆಯೇ ಇಲ್ಲವೆಂಬ ನಂಬಿಕೆ ಪರಂಪರೆಯದೆಂದು ತಿಳಿಯುವುದು ವಾಡಿಕೆ. ಪರಂಪರೆ ಹೇಳುವುದು ಬೇರೆ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ಅಂದರೆ ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರು ಕೊಡುವ ಉಪದೇಶವನ್ನು ಒಳಗೊಂಡ ಭಾಗದಲ್ಲಿ, ತಾಯಿ, ತಂದೆ, ಆಚಾರ್ಯ, ಅತಿಥಿಗಳನ್ನು ದೇವರೆಂದು ಕಾಣಬೇಕೆಂದ ಬೆನ್ನಿಗೇ, ತಮ್ಮ ನಡತೆಯಲ್ಲಿ ಒಳ್ಳೆಯದಾದುದನ್ನು ಮಾತ್ರ ಅನುಸರಿಸಬೇಕು, ಉಳಿದುದನ್ನು ಅನುಸರಿಸಬಾರದು ಎಂದು ಗುರುವೇ ಹೇಳುತ್ತಾನೆ. ನಡೆಯ ವಿಷಯದಲ್ಲಿ ಸಂದೇಹ ಬಂದರೆ ವಿಚಾರಶೀಲರೂ ಕ್ರೌರ್ಯವಿಲ್ಲದವರೂ ಆದ ಹಿರಿಯರು ಹೇಗೆ ನಡೆಯುತ್ತಾರೋ ನೋಡಿಕೊಳ್ಳಬೇಕೆಂಬ ಮಾತೂ ಅಲ್ಲಿಯೇ ಇದೆ. ಮೊದಲ ಅರ್ಧವನ್ನು ಶಾಲೆಯ ಗೋಡೆಗಳ ಮೇಲೆ ಬರೆಸಿದ ಸಮಾಜ ಎರಡನೆಯ ಅರ್ಧಕ್ಕೆ ಗೋಡೆಯಲ್ಲಿ ಜಾಗ ಕೊಡಲಿಲ್ಲ.

ಮಹಾಭಾರತದ ಉದ್ಯೋಗಪರ್ವದಲ್ಲಿ ಬರುವ ಅಂಬೆಯ ಕಥೆ ಈ ವಿಚಾರವನ್ನು ಇನ್ನೂ ತೊಡಕಾಗಿಸುತ್ತದೆ. ತಂದೆ ಶಂತನುವಿನ ಪ್ರೇಮ ಫಲಿಸಲೆಂದು ದೇವವ್ರತನು ರಾಜ್ಯವನ್ನೂ ಮದುವೆಯನ್ನೂ ಬಿಟ್ಟು ಭೀಷ್ಮನಾದ. ಅಲ್ಲಿ ಅವನು ಬಿಟ್ಟದ್ದು ತನ್ನದನ್ನು. ಮುಂದೆ ತಮ್ಮನಿಗಾಗಿ ಕಾಶೀರಾಜನ ಮೂವರು ಹೆಣ್ಣುಮಕ್ಕಳನ್ನು ಹೊತ್ತು ತಂದಾಗ, ಹಿರಿಯವಳಾದ ಅಂಬೆ ತನ್ನ ಮನಸ್ಸು ಸಾಲ್ವನಲ್ಲಿ ನೆಟ್ಟಿದೆ ಎಂದು ಹೇಳಿದಳು, ಭೀಷ್ಮ ಅವಳನ್ನು ಗೌರವದಿಂದಲೇ ಕಳುಹಿಸಿಕೊಟ್ಟ, ಪರರು ಗೆದ್ದೊಯ್ದವಳೆಂದು ಸಾಲ್ವ ಕೈಬಿಟ್ಟ. ಆಗ ಭೀಷ್ಮನ ಗುರು ಪರಶುರಾಮ ಅವಳನ್ನು ಸ್ವೀಕರಿಸುವಂತೆ ಆಜ್ಞಾಪಿಸಿದರೆ, ಕಾರ್ಯಾಕಾರ್ಯ ತಿಳಿಯದೆ ದಾರಿ ತಪ್ಪಿದ ಗುರುವನ್ನು ತೊರೆಯಬಹುದೆಂಬ ನ್ಯಾಯವನ್ನು ಮುಂದಿಟ್ಟುಕೊಂಡು ಭೀಷ್ಮ ಕುರುಕ್ಷೇತ್ರದಲ್ಲಿ ಇಪ್ಪತ್ತಕ್ಕೂ ಹೆಚ್ಚು ದಿನ ಗುರುವಿನೊಡನೆಯೇ ಕಾದಿದ. ರಾಮಾಚಾರಿ ಗುರುವಿನ ಮಾತನ್ನು ಕೇಳಿ ಕೆಟ್ಟ, ಭೀಷ್ಮ ಕೇಳದೆ ಗೆದ್ದ. ಎರಡು ಕಡೆಯೂ ಬೀದಿಪಾಲಾದದ್ದು ಹೆಣ್ಣು. ಆದ್ದರಿಂದ ಗುರುವಿಗೆ ವಿಧೇಯನಾಗಬೇಕೇ ಬೇಡವೇ ಎಂಬ ಚರ್ಚೆಯಷ್ಟರಿಂದಲೇ ಈ ಪ್ರಶ್ನೆ ಬಗೆಹರಿಯುವುದಿಲ್ಲ. ವ್ರತವೋ ವಚನವೋ ಯಾರ ಬದುಕಿನ ಮೇಲೆ ಬೀಳುತ್ತದೆಯೋ ಅವರನ್ನು ಕೇಳಲಾಯಿತೇ ಎಂಬುದೇ ಇಲ್ಲಿ ಮೊದಲ ಪ್ರಶ್ನೆಯಾಗಬೇಕು. ಗೀತೆಯ ಹದಿನೆಂಟನೆಯ ಅಧ್ಯಾಯ ಕರ್ಮಫಲದ ಆಸೆಯನ್ನು ಬಿಡುವುದನ್ನು ತ್ಯಾಗವೆಂದೂ, ಮಾಡಲೇಬೇಕಾದ ಕರ್ತವ್ಯವನ್ನು ಮೋಹದಿಂದ ಬಿಡುವುದನ್ನು ತಾಮಸವೆಂದೂ, ಅಂದರೆ ಅಜ್ಞಾನದಿಂದ ಹುಟ್ಟಿದ್ದೆಂದೂ ಬೇರ್ಪಡಿಸುತ್ತದೆ. ಕೈಹಿಡಿಯುವೆನೆಂಬ ಭರವಸೆಯಿಂದ ಒಂದು ಹೊಣೆ ಹುಟ್ಟುತ್ತದೆಂದು ಒಪ್ಪುವುದಾದರೆ ರಾಮಾಚಾರಿಯ ನಡೆ ಯಾವ ಗುಂಪಿಗೆ ಸೇರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರದುರ್ಗದ ಬೆಟ್ಟಕ್ಕೆ ಇದಕ್ಕೆ ವಿರುದ್ಧವಾದ ನೆನಪೂ ಒಂದಿದೆ. ಕೋಟೆಯೊಳಗಿನ ಹಿಡಿಂಬೇಶ್ವರ ದೇವಾಲಯದ ಸ್ಥಳಕಥೆಯಂತೆ, ಭೀಮ ಹಿಡಿಂಬಾಸುರನನ್ನು ಕೊಂದದ್ದು ಈ ಬೆಟ್ಟದಲ್ಲಿ. ಹಿಡಿಂಬನ ಹಲ್ಲೆಂದು ಭಕ್ತರು ನಂಬುವ ವಸ್ತುವೊಂದು ಅಲ್ಲಿದೆ. ಮೂಲಕಥೆಯ ಹಿಡಿಂಬೆ ತನ್ನ ಆಸೆಯನ್ನು ಕುಂತಿಯ ಮುಂದೆ ತಾನೇ ಬಾಯಿಬಿಟ್ಟು ಹೇಳಿಕೊಳ್ಳುತ್ತಾಳೆ. ಯುಧಿಷ್ಠಿರ ಹಗಲಿಡೀ ಭೀಮನೊಡನಿದ್ದು ಸಂಜೆಗೆ ಅವನನ್ನು ಮರಳಿ ಕರೆತರಬೇಕೆಂಬ ಕಟ್ಟಳೆ ಹಾಕಿ ಒಪ್ಪುತ್ತಾನೆ. ಮಗ ಹುಟ್ಟಿದ ಮೇಲೆ ಪಾಂಡವರು ಅವಳನ್ನು ಬಿಟ್ಟು ಮುಂದೆ ನಡೆದರೆಂಬುದು ಈ ಒಪ್ಪಿಗೆಯ ಕುಂದು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಕುಲಕ್ಕೆ ಹೊರಗಿನ, ಅದರಲ್ಲೂ ರಾಕ್ಷಸ ಕುಲದ ಹೆಣ್ಣಿನ ಮಾತಿಗೆ ಮನೆಯ ಹಿರಿಯಳು ಕಿವಿಗೊಟ್ಟಳೆಂಬ ಕಥೆ ನೆಲೆಸಿದ ಬೆಟ್ಟದಲ್ಲೇ, ಅಲಮೇಲುವಿನ ಮಾತಿಗೆ ಕಿವಿಗೊಡದ ಕಥೆಯೂ ನೆಲೆಯೂರಿತು.

ಹನ್ನೆರಡನೆಯ ಶತಮಾನದ ಕಲ್ಯಾಣದ ಉದಾಹರಣೆ ಇನ್ನೂ ಕಠಿಣವಾದದ್ದು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣರಾಗಿದ್ದ ಮಧುವರಸರ ಮಗಳಿಗೂ ಮದುವೆಯಾದಾಗ, ಪರಂಪರೆಯ ಪ್ರಕಾರ ಆ ಇಬ್ಬರು ತಂದೆಯರಿಗೆ ಬಿಜ್ಜಳನ ಆಳ್ವಿಕೆ ಎಳೆಹೂಟೆಯ ಶಿಕ್ಷೆ ಕೊಟ್ಟಿತು, ಎಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸಿತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಹೊರಡುವ ಶಿವಸಂಚಾರ ತಂಡ ಶರಣರ ನಾಟಕಗಳನ್ನು ಊರೂರಿಗೆ ಒಯ್ಯುವುದರಿಂದ, ಈ ಭಾಗದ ಜನಕ್ಕೆ ಕಲ್ಯಾಣದ ಕಥೆ ಓದಿ ತಿಳಿಯಬೇಕಾದ್ದೇನಲ್ಲ. ಅಲ್ಲಿ ಕಿರಿಯರ ಮದುವೆಗಾಗಿ ಹಿರಿಯರು ಪ್ರಾಣ ತೆತ್ತರು. ಚಾಮಯ್ಯ ಮೇಷ್ಟ್ರು ಊರಿನ ಮರ್ಯಾದೆಗಾಗಿ ಕಿರಿಯರಿಂದ ತೆರಿಸಿದರು.

ಮೇಷ್ಟ್ರು ಕೆಟ್ಟವರಾಗಿದ್ದರೆ ಇಷ್ಟು ವಿಚಾರಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಕೆ.ಎಸ್. ಅಶ್ವತ್ಥ್ ಆ ಪಾತ್ರಕ್ಕೆ ತಂದ ಸೌಮ್ಯತೆಯಿಂದಾಗಿ ಕನ್ನಡಿಗರು ಆದರ್ಶ ಗುರುವೆಂದೊಡನೆ ನೆನೆಯುವುದು ಚಾಮಯ್ಯನವರನ್ನೇ, ಮತ್ತು ಅವರು ಶಿಷ್ಯನ ಒಳಿತನ್ನೇ ಬಯಸಿದ್ದರೆಂಬುದರಲ್ಲಿ ಅನುಮಾನವಿಲ್ಲ. ತಪ್ಪು ಇರುವುದು, ಶಿಷ್ಯನ ಪ್ರೀತಿ ತನ್ನ ಮೇಲೆ ಇರುವುದರಿಂದ ಅವನು ಪ್ರೀತಿಸಿದವಳ ಬದುಕಿನ ಮೇಲೂ ತನಗೆ ಅಧಿಕಾರ ಬಂತೆಂದು ಭಾವಿಸಿದ್ದರಲ್ಲಿ. ಕಥೆಗೆ ಇದು ಅರಿವಾಗದೆ ಇಲ್ಲ; ಅರಿವಾದದ್ದರಿಂದಲೇ ಮಾರ್ಗರೇಟ್ ಎಂಬ ಕ್ರೈಸ್ತ ಹುಡುಗಿಯನ್ನು ತಂದು ಅದೇ ಪ್ರಶ್ನೆಯನ್ನು ಎರಡನೆಯ ಬಾರಿ, ಈ ಸಲ ಮತಭೇದದ ರೂಪದಲ್ಲಿ, ಮೇಷ್ಟ್ರ ಮುಂದಿಡುತ್ತದೆ. ಉತ್ತರ ಕೊಡಬೇಕಾದ ಘಳಿಗೆಯಲ್ಲಿ ಮೇಷ್ಟ್ರು ಬೆಟ್ಟದಿಂದ ಬಿದ್ದು ಸಾಯುತ್ತಾರೆ, ಪ್ರೇಮಿಗಳು ಅವರ ಹಿಂದೆಯೇ ಹೋಗುತ್ತಾರೆ. ಮೂವರ ಸಾವಿನಲ್ಲಿ ಪ್ರೇಕ್ಷಕನಿಗೆ ಕಣ್ಣೀರು ಸಿಗುತ್ತದೆ, ಗುರುವಿಗೆ ಪಶ್ಚಾತ್ತಾಪದಿಂದ ಬಿಡುಗಡೆ ಸಿಗುತ್ತದೆ. ಬದುಕಿಯೇ ಉಳಿದ ಅಲಮೇಲುವಿಗೆ ಯಾರು ಏನು ಹೇಳಬೇಕಿತ್ತು ಎಂಬುದನ್ನು ಮಾತ್ರ ಚಿತ್ರ ಕೇಳುವುದಿಲ್ಲ.